ನುಂಗಿದ ನವಿಲುಕೋಸು

ನನ್ನ ರೂಮಿಗೆ ಬರುವವರೆಲ್ಲ ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುವುದು "ಏನೇನ್ ಬಿಡ್ಬೇಕು ಮೇಡಂ" ಅಂತ. ಏನು ತಿನ್ನಬೇಕು ಅಂತ ಕೇಳುವ ಪುಣ್ಯಾತ್ಮರು ಅಪರೂಪ. ತುಮಕೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಡಯಟಿಷಿಯನ್. ಡಾಕ್ಟರು ಔಷಧಿ ಬರೆದು ಮುಗಿಸಿದ ಮೇಲೆ ರೋಗಿಯನ್ನು ನನ್ನ ಹತ್ತಿರ ಕಳಿಸುತ್ತಾರೆ. ಅಷ್ಟು ಹೊತ್ತಿಗೆ ಅವರಿಗೆ ಊರಿನ ಬಸ್ಸಿನ ಚಿಂತೆ ಹತ್ತಿರುತ್ತದೆ. ಈ ಮನುಷ್ಯ ಮಾತ್ರ ಬಂದು ಸುಮ್ಮನೆ ಕೂತ, ಏನೂ ಕೇಳಲಿಲ್ಲ. ಬಿಡುವುದಕ್ಕೆ ಅವನ ಹತ್ತಿರ ಏನೂ ಉಳಿದಿರಲಿಲ್ಲ.

ವಯಸ್ಸು ಮೂವತ್ತರ ಆಸುಪಾಸು, ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಲೇತ್ ಮಷಿನ್ ಆಪರೇಟರ್. ಊರು ಸಿ.ಎಸ್. ಪುರದ ಕಡೆ. ಕಾಯಿಲೆಯ ಹೆಸರು ಕ್ರೋನ್ಸ್. ಸಣ್ಣ ಕರುಳು ಹೋಗಿ ದೊಡ್ಡ ಕರುಳನ್ನು ಸೇರುವ ಜಾಗದಲ್ಲಿ ಒಳಗೋಡೆ ಊದಿಕೊಂಡು ಹುಣ್ಣಾಗುತ್ತದೆ; ನಮ್ಮನ್ನು ಕಾಯಬೇಕಾದ ರಕ್ತದ ಕಣಗಳೇ ನಮ್ಮ ಕರುಳಿನ ಮೇಲೆ ತಿರುಗಿ ಬೀಳುವ ಕಾಯಿಲೆ ಅದು. ಔಷಧಿಯಿಂದ ಉರಿಯೂತ ಸ್ವಲ್ಪ ತಗ್ಗಿತ್ತು, ಪೂರ್ತಿ ಅಲ್ಲ. ನೋವು ಬಂದಾಗಲೆಲ್ಲ ಅವನು ಒಂದೊಂದು ಪದಾರ್ಥ ಬಿಡುತ್ತ ಬಂದಿದ್ದ. ಮೊದಲು ಖಾರ, ಆಮೇಲೆ ಬೇಳೆ, ಸೊಪ್ಪು, ತರಕಾರಿ, ಕೊನೆಗೆ ಮುದ್ದೆ. ಬಿಳಿ ಅನ್ನ, ಮಜ್ಜಿಗೆ, ಬನ್ನು, ಬಿಸ್ಕತ್ತು, ಇಷ್ಟರಲ್ಲೇ ಜೀವ ಹಿಡಿದುಕೊಂಡಿದ್ದ. ಬೆಲ್ಟಿಗೆ ಹೊಸ ತೂತು ಹೊಡೆಸಿಕೊಂಡಿದ್ದು ಮೇಜಿನ ಆ ಕಡೆಯಿಂದಲೇ ಕಾಣುತ್ತಿತ್ತು. ಜೊತೆಗೆ ಅವನ ತಾಯಿ ಬಂದಿದ್ದರು. ಮಗನಿಗೆ ಅಡುಗೆ ಮಾಡಿ ಹಾಕಲು ಊರು ಬಿಟ್ಟು ಬಂದು ಕಾರ್ಖಾನೆ ಹತ್ತಿರದ ಬಾಡಿಗೆ ಮನೆಯಲ್ಲಿ ಇದ್ದರು.

ಕರುಳಿನ ಡಾಕ್ಟರು ನನಗೆ ಮೊದಲೇ ಫೋನ್ ಮಾಡಿ ಹೇಳಿದ್ದರು. ಇವನು ಹೀಗೇ ಇಳಿಯುತ್ತ ಹೋದರೆ ಒಂದು ದಿನ ಆಪರೇಷನ್ ಮಾಡಬೇಕಾಗುತ್ತದೆ. ಈ ಮೈಯಲ್ಲಿ ಕರುಳು ಕತ್ತರಿಸಿ ಜೋಡಿಸಿದರೆ ಹೊಲಿಗೆ ಹಿಡಿಯುವುದಿಲ್ಲ, ಕರುಳಿನ ತುದಿಯನ್ನು ಹೊಟ್ಟೆಯಿಂದ ಹೊರಗೆ ತಂದು ಚೀಲ ಕಟ್ಟಬೇಕಾಗುತ್ತದೆ. ಆ ಚೀಲದ ವಿಷಯ ಅವನಿಗೂ ಗೊತ್ತಿತ್ತು. ಅದನ್ನು ಇಟ್ಟುಕೊಂಡೇ ಕೆಲಸ, ಸಂಸಾರ ಎಲ್ಲ ಮಾಡಿಕೊಂಡು ಚೆನ್ನಾಗಿರುವವರನ್ನು ನಾನು ಕಂಡಿದ್ದೇನೆ, ಹಾಗಂತ ಹೇಳಿಯೂ ಹೇಳಿದೆ. ಕಿವಿಗೆ ಹಾಕಿಕೊಳ್ಳಲಿಲ್ಲ.

"ದಿನವೆಲ್ಲ ಮಷಿನ್ ಮುಂದೆ ಬಗ್ಗಿ ನಿಂತ್ಕಬೇಕು ಮೇಡಂ. ಆ ಚೀಲ ಒಂದ್ ಬ್ಯಾಡ. ಇನ್ನೇನ್ ಹೇಳಿದ್ರೂ ಮಾಡ್ತೀನಿ."

ನಾನು ಹೇಳಿದ್ದು ಕೋಸು. ತಾಯಿ ಅಲ್ಲೇ ಕಣ್ಣು ಕಣ್ಣು ಬಿಟ್ಟರು. ನಮ್ಮ ಸೀಮೆಯಲ್ಲಿ ಬಾಣಂತಿಗೂ ಕೋಸು ಕೊಡುವುದಿಲ್ಲ, ಹೊಟ್ಟೆ ನೋವಿದ್ದವನಿಗೆ ಕೊಡುತ್ತಾರೆಯೇ, ಅದು ವಾಯು ಪದಾರ್ಥ ಅಂತ ಅವರ ತಕರಾರು. ಅದು ಸುಳ್ಳೇನಲ್ಲ. ಆದರೆ ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ಸಾಸಿವೆ ಇವೆಲ್ಲ ಒಂದೇ ವಂಶದವು, ಹೆಚ್ಚಿದಾಗ ಅರೆದಾಗ ಮೂಗಿಗೆ ಹೊಡೆಯುವ ಘಾಟಿನಲ್ಲೇ ಅವುಗಳ ಗುಣ ಇರುವುದು. ಆ ಘಾಟಿನ ಅಂಶ ಒಳಗೆ ಹೋದಾಗ ಕರುಳಿನ ಗೋಡೆಯ ಕಾವಲು ಕಣಗಳ ಆರ್ಭಟ ತಗ್ಗಿಸಬಲ್ಲದು. ಅವುಗಳ ನಾರು ಕರುಳಿನಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಊಟ, ಅವು ಉಂಡು ಬಿಡುವುದು ಕರುಳಿನ ಗೋಡೆಗೆ ಊಟ. ಬನ್ನು ಬಿಸ್ಕತ್ತಿನಲ್ಲಿ ಆ ಜೀವಿಗಳು ಉಪವಾಸ ಬಿದ್ದಿರುತ್ತವೆ. ಹಾಗಂತ ಕೋಸು ತಿಂದರೆ ಕ್ರೋನ್ಸ್ ವಾಸಿಯಾಗುತ್ತದೆ ಅಂತ ಯಾರೂ ಹೇಳಿಲ್ಲ, ನಾನೂ ಹೇಳಲಿಲ್ಲ. ಲ್ಯಾಬಿನಲ್ಲಿ ಕಂಡದ್ದು ಮನುಷ್ಯನ ಹೊಟ್ಟೆಯಲ್ಲಿ ಎಷ್ಟರ ಮಟ್ಟಿಗೆ ನಡೆಯುತ್ತದೆ ಅಂದರೆ ವಿಜ್ಞಾನ ಇನ್ನೂ ಅಡ್ಡಗೋಡೆ ಮೇಲೆ ದೀಪ ಇಟ್ಟಂತೆಯೇ ಮಾತಾಡುತ್ತದೆ. ನನಗೆ ಬೇಕಾಗಿದ್ದದ್ದು ಔಷಧಿಯ ಪಕ್ಕಕ್ಕೆ ಒಂದು ಆಸರೆ.

ಮೊದಲು ಎಲೆಕೋಸು ಬೇಯಿಸಿದ ನೀರು ಮಾತ್ರ. ಅದು ಒಗ್ಗಿದ ಮೇಲೆ ತೀರಾ ಸಣ್ಣಗೆ ಹೆಚ್ಚಿದ ಎಲೆಕೋಸು. ಹೆಚ್ಚಿದ ತಕ್ಷಣ ಒಲೆಗೆ ಹಾಕಬಾರದು, ಸ್ವಲ್ಪ ಹೊತ್ತು ತಟ್ಟೆಯಲ್ಲೇ ಬಿಡಬೇಕು, ಆಗ ಆ ಘಾಟಿನ ಅಂಶ ಚೆನ್ನಾಗಿ ಹುಟ್ಟುತ್ತದೆ. ಬೇಯಿಸಿ ಇಳಿಸಿದ ಮೇಲೆ ಚಿಟಿಕೆ ಸಾಸಿವೆ ಪುಡಿ. ಹಸಿ ಕೋಸಂಬರಿ ಮುಟ್ಟಕೂಡದು. ಒಂದು ತರಕಾರಿ ಒಗ್ಗಿತು ಅಂತ ಖಾತ್ರಿಯಾಗುವ ತನಕ ಇನ್ನೊಂದು ಬೇಡ. ಪ್ರತಿ ಸಲ ಬಂದಾಗಲೂ ನಾನು ತಪ್ಪದೆ ಕೇಳುತ್ತಿದ್ದ ಮಾತು, "ಚೆನ್ನಾಗಿ ಅಗಿದು ತಿಂತೀಯೇನಪ್ಪ?" ಅವನು ತಪ್ಪದೆ "ಹೂಂ ಮೇಡಂ" ಅನ್ನುತ್ತಿದ್ದ.

ಶುರುವಿನಲ್ಲಿ ಹೊಟ್ಟೆ ಗುಡುಗುಡು ಅಂದದ್ದು ಬಿಟ್ಟರೆ ತೊಂದರೆಯಾಗಲಿಲ್ಲ. ಮುಖಕ್ಕೆ ಸ್ವಲ್ಪ ಕಳೆ ಬಂತು. ಆಗ ಅವನು ಮುದ್ದೆ ಕೇಳಿದ. ಕೇಳಿದ್ದು ಅಂದರೆ ಬೇಡಿಕೊಂಡದ್ದು. ನಾನು ಕುಣಿಗಲ್ಲಿನವಳು, ಮುದ್ದೆ ಇಲ್ಲದ ಸಂಕಟ ನನಗೆ ಯಾರೂ ವಿವರಿಸಬೇಕಾಗಿಲ್ಲ. ತುಮಕೂರಿಗೆ ಬಂದು ಸದಾಶಿವನಗರದಲ್ಲಿ ಮನೆ ಮಾಡಿದ ಮೇಲೂ ನಮ್ಮನೆಯಲ್ಲಿ ಮಧ್ಯಾಹ್ನ ಅದೇ. ರಾಗಿಯ ಮೇಲೆ ತಪ್ಪು ಹೊರಿಸಲು ಕಾರಣವೂ ಇರಲಿಲ್ಲ. ಮೆತ್ತಗೆ ತೊಳಸಿದ ಚಿಕ್ಕ ಮುದ್ದೆ, ದಿನಕ್ಕೊಂದು ಅಂತ ಒಪ್ಪಿಗೆ ಕೊಟ್ಟೆ. ಅದೇ ವಾರ ತರಕಾರಿಯಲ್ಲಿ ನವಿಲುಕೋಸಿನ ಸರದಿ ಬಂತು. ಸಾರಿಗೆ ಹಾಕಿ ಮೆತ್ತಗೆ ಬೇಯಿಸಿ ಅಂದೆ. ತಾಯಿ ಮೊದಲ ಸಲ ನನ್ನ ಮುಖ ನೋಡಿ ನಕ್ಕರು. ರಾಗಿ ಹಿಟ್ಟು ಇಲ್ಲದೆ ಕಸುವು ಎಲ್ಲಿಂದ ಬರಬೇಕು, ಈಗ ನೋಡಿ ನನ್ನ ಮಗ ಹೆಂಗೆ ಎದ್ದು ಕೂರ್ತಾನೆ ಅಂದರು.

ಎದ್ದು ಕೂರಲಿಲ್ಲ. ಒಂದು ಮಧ್ಯಾಹ್ನ ಆಟೋದಲ್ಲಿ ಹಾಕಿಕೊಂಡು ಬಂದರು. ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು, ವಾಂತಿ ನಿಲ್ಲುತ್ತಿರಲಿಲ್ಲ. ಎಮರ್ಜೆನ್ಸಿಯಲ್ಲಿ ಮೂಗಿನಿಂದ ನಳಿಕೆ ಇಳಿಸಿ ಹೊಟ್ಟೆ ಬರಿದು ಮಾಡುತ್ತಿದ್ದರು. ನಾನು ಓಡಿಹೋದಾಗ ತಾಯಿ ಬಾಗಿಲಲ್ಲೇ ತಡೆದು ಒಂದು ಪ್ಲಾಸ್ಟಿಕ್ ಕವರ್ ಬಿಚ್ಚಿ ನನ್ನ ಮುಖದ ಮುಂದೆ ಹಿಡಿದರು. ಅವನು ಮನೆಯಲ್ಲಿ ವಾಂತಿ ಮಾಡಿಕೊಂಡದ್ದನ್ನು ಬಳಿದು ತಂದಿದ್ದರು.

"ನೋಡವ್ವ. ನೀನು ಕೊಟ್ಟ ಕೋಸು. ಹಂಗಂಗೇ ಐತೆ."

ಹಾಗೇ ಇತ್ತು. ನವಿಲುಕೋಸಿನ ಹೋಳುಗಳಲ್ಲಿ ಚಾಕು ಕೊಯ್ದ ಅಂಚು ಕೂಡ ಮಾಸಿರಲಿಲ್ಲ. ವಾಸನೆಗೆ ಮುಖ ತಿರುಗಿಸಬೇಕು ಅನ್ನಿಸಿತು, ಆದರೆ ತಿರುಗಿಸಲಾಗಲಿಲ್ಲ. ನನಗೆ ಹೆದರಿಕೆಯಾಯಿತು. ಕೆಲಸ ಹೋಗುತ್ತದೆ ಅಂತಲ್ಲ, ಇವನು ಸತ್ತರೆ ಏನು ಅಂತ.

ಸ್ಕ್ಯಾನ್ ಮಾಡಿದಾಗ ಕರುಳಿನ ಊದಿದ ಜಾಗದಲ್ಲಿ ದಾರಿ ಕಿರಿದಾಗಿದ್ದು, ಅದರ ಹಿಂದೆ ಗಟ್ಟಿ ಪದಾರ್ಥ ಬಂದು ಕೂತದ್ದು ಕಂಡಿತು. ಹಿಂದಿನ ಸ್ಕ್ಯಾನಿನಲ್ಲಿ ಇಷ್ಟು ಕಿರಿದಾಗಿರಲಿಲ್ಲ. ಅದು ಊತದಿಂದ ಆದದ್ದಾದರೆ ಔಷಧಿಗೆ ಬಗ್ಗುತ್ತದೆ, ಹಳೆಯ ಗಾಯ ಮಾಗಿ ಗಂಟುಕಟ್ಟಿದ್ದಾದರೆ ಚಾಕುವೇ ಗತಿ, ಎರಡರಲ್ಲಿ ಯಾವುದು ಎಷ್ಟು ಅಂತ ಈಗ ಹೇಳಲಾಗದು ಅಂದರು ಡಾಕ್ಟರು. ಪುಣ್ಯಕ್ಕೆ ಕೆಲವು ದಿನ ಬಾಯಿಗೆ ಏನೂ ಕೊಡದೆ ಡ್ರಿಪ್ ಮೇಲೆ ಇಟ್ಟಾಗ ಕಟ್ಟಿಕೊಂಡದ್ದು ತಾನಾಗಿ ಬಿಟ್ಟಿತು. ಆಪರೇಷನ್ ಆ ಕ್ಷಣಕ್ಕೆ ತಪ್ಪಿತು. ಡಾಕ್ಟರು ನನ್ನ ಮುಂದೆಯೇ ಅವನಿಗೆ ಹೇಳಿದರು, ಇನ್ನು ತರಕಾರಿ ಅನ್ನುವ ಮಾತೇ ಬೇಡ, ಡಬ್ಬದ ಪುಡಿ ಕಲಸಿದ ಹಾಲಿನಂಥ ಆಹಾರ ಕುಡಿದುಕೊಂಡಿರಬೇಕು, ಸ್ವಲ್ಪ ಮೈ ಹಿಡಿದ ಮೇಲೆ ಮುಂದಿನದು ನೋಡೋಣ ಅಂತ. ನನಗೆ ಎದುರಾಡುವ ಮುಖ ಇರಲಿಲ್ಲ.

ಆದರೆ ಆ ಹೋಳುಗಳ ಅಂಚು ತಲೆಯಿಂದ ಹೋಗಲಿಲ್ಲ. ಮೆತ್ತಗೆ ಬೆಂದ ನವಿಲುಕೋಸನ್ನು ಒಂದು ಸಲ ಹಲ್ಲಿಗೆ ಕೊಟ್ಟರೂ ಅಂಚು ಉಳಿಯುವುದಿಲ್ಲ. ಅಗಿಯುತ್ತೇನೆ ಅಂತ ಅವನು ಹೇಳಿದ್ದ, ಸುಳ್ಳು ಹೇಳುವ ಪೈಕಿ ಅಲ್ಲ. ಡಬ್ಬದ ಪುಡಿ ಅವನ ಬಾಯಿಗೆ ಹಿಡಿಸದೆ ಅರ್ಧಕ್ಕರ್ಧ ವಾಂತಿಯಾಗುತ್ತಿದೆ, ಮತ್ತೆ ಇಳಿಯುತ್ತಿದ್ದಾನೆ ಅಂತ ಡಿಸ್ಚಾರ್ಜ್ ಆದ ಮೇಲೆ ಗೊತ್ತಾಯಿತು. ಒಂದು ಭಾನುವಾರ ಸ್ಕೂಟಿ ತೆಗೆದುಕೊಂಡು ಅಂತರಸನಹಳ್ಳಿಗೆ ಹೋದೆ. ರೋಗಿಯ ಮನೆಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ, ಯಾರನ್ನೂ ಕೇಳಲೂ ಇಲ್ಲ.

ಬಾಗಿಲು ತೆಗೆದ ತಾಯಿಗೆ ನನ್ನ ಮುಖ ಕಂಡರೆ ಆಗುತ್ತಿರಲಿಲ್ಲ, ಅದನ್ನು ಅವರು ಮುಚ್ಚಿಡಲೂ ಇಲ್ಲ. ಆದರೆ ಉಣ್ಣುವ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವ ಜಾತಿಯ ಹೆಂಗಸೂ ಅಲ್ಲ. ಮಾತಿಲ್ಲದೆ ತಟ್ಟೆ ಇಟ್ಟರು, ಮುದ್ದೆ ಇಟ್ಟರು, ಸಾರು ಬಿಟ್ಟರು. ಮಗನಿಗೆ ಬೇಡವೆಂದದ್ದನ್ನು ಬಿಸಾಡಲು ಮನಸ್ಸಾಗದೆ ತಾವೊಬ್ಬರೇ ತಿಂದು ಮುಗಿಸುತ್ತಿದ್ದ ನವಿಲುಕೋಸಿನ ಸಾರು. ಅವನು ಗೋಡೆಗೊರಗಿ ಲೋಟದಲ್ಲಿ ಆ ಪುಡಿ ಹಾಲು ಹಿಡಿದು ಕೂತಿದ್ದ. ನಮ್ಮ ತಟ್ಟೆಗಳನ್ನೇ ನೋಡುತ್ತಿದ್ದ.

ನಾನು ತುತ್ತು ಮುರಿದೆ, ಸಾರಿನಲ್ಲಿ ಅದ್ದಿದೆ, ಹೋಳೊಂದನ್ನು ಅದರೊಳಗೆ ಒತ್ತಿಕೊಂಡೆ, ಬಾಯಿಗಿಟ್ಟು ನುಂಗಿದೆ. ಹೋಳಿನ ಮೂಲೆ ಗಂಟಲಲ್ಲಿ ಉಜ್ಜಿಕೊಂಡು ಇಳಿಯಿತು.

ಕೈ ಹಾಗೇ ನಿಂತಿತು. ಎದುರಿಗೆ ತಾಯಿಯ ತುತ್ತೂ ಅದೇ ದಾರಿ, ಹೋಳು ಮುದ್ದೆಯ ಬೆನ್ನೇರಿಕೊಂಡು ಸೀದಾ ಒಳಗೆ. ಮುದ್ದೆಯನ್ನು ಅಗಿಯುವವರು ಉಂಟೇ ನಮ್ಮಲ್ಲಿ? ಅಗಿದರೆ ಹಲ್ಲಿಗೆ ಅಂಟುತ್ತದೆ, ಕಂಡವರು ಪ್ಯಾಟೆಯವನು ಬಂದ ಅಂತ ನಗುತ್ತಾರೆ. ಹುಟ್ಟಿದಾಗಿನಿಂದ ನುಂಗಿದ ಗಂಟಲು ನನ್ನದು, ಕಾಲೇಜಿನಲ್ಲಿ ಓದಿದ ಯಾವ ಪುಸ್ತಕದಲ್ಲೂ ಈ ಸಂಗತಿ ಇರಲಿಲ್ಲ.

"ಅಗಿದು ತಿಂತೀಯಾ ಅಂದಾಗೆಲ್ಲ ಹೂಂ ಅಂತಿದ್ದೆಯಲ್ಲಪ್ಪ" ಅಂದೆ.

"ಅನ್ನ ಅಗಿದೇ ತಿಂತಿದ್ದೆ ಮೇಡಂ. ಮುದ್ದೆ ಯಾರಾದ್ರೂ ಅಗೀತಾರಾ?"

ಅವನ ಮುಖದಲ್ಲಿ ಒಂದಿಷ್ಟೂ ಕಪಟ ಇರಲಿಲ್ಲ. ನಾನು ಕೇಳಿದ್ದು ಒಂದು, ಅವನು ಉತ್ತರ ಕೊಟ್ಟಿದ್ದು ಇನ್ನೊಂದಕ್ಕೆ. ಮುದ್ದೆ ಬೇರೆಯಾಗಿ ತಿಂದಿದ್ದರೆ ಕರಗಿ ಹೋಗುತ್ತಿತ್ತು, ನವಿಲುಕೋಸು ಬೇರೆಯಾಗಿ ತಿಂದಿದ್ದರೆ ಹಲ್ಲಿಗೆ ಸಿಗುತ್ತಿತ್ತು. ಎರಡನ್ನೂ ಒಟ್ಟಿಗೆ ಕಿರಿದಾದ ದಾರಿಗೆ ತಳ್ಳಿದ್ದೆವು. ತಾಯಿಗೆ ಹೇಳಿದಾಗ ಅವರು ಉಣ್ಣುತ್ತಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿಬಿಟ್ಟರು.

ಮಾರನೇ ದಿನ ಡಾಕ್ಟರ ಹತ್ತಿರ ಹೋದೆ. ನನ್ನ ಬೇಡಿಕೆ ಇಷ್ಟೇ, ತರಕಾರಿ ಬಿಡಿಸಬೇಡಿ, ಅಗಿಯುವ ಕೆಲಸ ಬಿಡಿಸೋಣ. ಮಸ್ಸೊಪ್ಪು ಮಾಡುವ ಹಾಗೆ ಕೋಸನ್ನು ಬೇಳೆ ಕಟ್ಟಿನೊಂದಿಗೆ ಬೇಯಿಸಿ, ಮಸೆದು, ಜರಡಿ ಹಿಡಿದು ಕೊಡೋಣ. ಪುಡಿ ಹಾಲು ಅರ್ಧ, ಇದು ಅರ್ಧ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಇನ್ನೊಂದು ಸಲ ಕಟ್ಟಿಕೊಂಡರೆ ಕರುಳು ಹರಿಯಬಹುದು, ಗೊತ್ತಿದೆಯಾ ಅಂದರು. ಗೊತ್ತಿತ್ತು. ಪುಡಿ ಹಾಲೊಂದನ್ನೇ ನಂಬಿಕೊಂಡರೆ ಅವನು ಇನ್ನೂ ಸೊರಗಿ ಚೀಲ ಖಾಯಂ ಆಗುತ್ತದೆ ಅನ್ನುವುದು ಅವರಿಗೂ ಗೊತ್ತಿತ್ತು. ಬಾಯಲ್ಲಿಟ್ಟ ಬಿಸಿತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಕೊನೆಗೆ ಮುಂದಿನ ಸ್ಕ್ಯಾನಿನ ತನಕ ಅಂತ ಒಪ್ಪಿದರು, ಔಷಧಿಯ ಪ್ರಮಾಣವನ್ನೂ ಏರಿಸಿದರು. ಒಂದು ಚೂರು ನೋವು ಬಂದರೂ ನಿಲ್ಲಿಸಬೇಕು, ಅದು ನಿಮ್ಮ ಜವಾಬ್ದಾರಿ ಅಂದರು.

ಆ ದಿನಗಳನ್ನು ನಾನು ಹೇಗೆ ಕಳೆದೆನೋ. ಫೋನ್ ಬಡಿದುಕೊಂಡರೆ ಎದೆ ಬಡಿದುಕೊಳ್ಳುತ್ತಿತ್ತು. ಜರಡಿಯಲ್ಲಿ ಉಳಿದ ಸಿಪ್ಪೆಯನ್ನು ತಾಯಿ ಫೋಟೋ ತೆಗೆಸಿ ಕಳಿಸುತ್ತಿದ್ದರು, ಇಂಥದ್ದೇನೂ ಅವನ ಹೊಟ್ಟೆಗೆ ಹೋಗಿಲ್ಲ ತಾನೇ ಅಂತ. ಎಲೆಕೋಸಿನ ಮಸೆದ ಸಾರು ಹಿಡಿಯಿತು. ನವಿಲುಕೋಸೂ ಹಿಡಿಯಿತು. ಹೂಕೋಸು ಕೊಟ್ಟ ದಿನ ಹೊಟ್ಟೆ ಉಬ್ಬಿ, ಆಗಲೇ ಕೆಲಸಕ್ಕೆ ಹೋಗತೊಡಗಿದ್ದ ಅವನು ಕಾರ್ಖಾನೆಯಿಂದಲೇ ಫೋನ್ ಮಾಡಿದ. ಬರೀ ಗಾಳಿ, ಸಂಜೆಗೆ ಇಳಿಯಿತು. ಹೂಕೋಸಿಗೆ ಕೈ ಮುಗಿದು ಕಳಿಸಿಬಿಟ್ಟೆ. ಮುದ್ದೆ ಕೊಡಲೇ ಇಲ್ಲ, ರಾಗಿ ಅಂಬಲಿ ಕೊಟ್ಟೆ. ಗುಬ್ಬಿಯಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋದಾಗ ಎಲೆಯ ಮುಂದೆ ತನ್ನ ಸ್ಟೀಲ್ ಡಬ್ಬಿ ಇಟ್ಟುಕೊಂಡು ಕೂತನಂತೆ. ಪಕ್ಕದವರು "ಏನ್ಲಾ, ಮಗೀಗೆ ತಿನ್ಸೋ ಸರಿ ತಂದಿದೀಯ" ಅಂತ ನಕ್ಕರಂತೆ. ಅವನು ತಲೆ ಎತ್ತದೆ ಅದನ್ನೇ ಉಂಡು ಎದ್ದು ಬಂದ. ಇದನ್ನು ನನಗೆ ಹೇಳುವಾಗ ತಾಯಿ ಅತ್ತರು.

ಸ್ಕ್ಯಾನಿನ ದಿನ ಬಂತು. ಮೈ ತೂಕ ಏರಿತ್ತು. ಮಲದ ಪರೀಕ್ಷೆಯಲ್ಲಿ ಉರಿಯೂತದ ಅಂಶ ಚೆನ್ನಾಗಿ ಇಳಿದಿತ್ತು. ಸ್ಕ್ಯಾನಿನಲ್ಲಿ ಊತ ಕರಗಿತ್ತು. ಊತ ಕರಗಿದ್ದರಿಂದಲೇ ಉಳಿದದ್ದು ಸ್ಪಷ್ಟವಾಗಿ ಕಂಡಿತು: ಒಂದು ಚಿಕ್ಕ ಭಾಗದಲ್ಲಿ ಗಾಯ ಮಾಗಿ ಗಟ್ಟಿಯಾಗಿ ದಾರಿ ಕಿರಿದಾಗಿತ್ತು. ಅದನ್ನು ಔಷಧಿಯೂ ಬಿಡಿಸದು, ಕೋಸೂ ಬಿಡಿಸದು. ಅಷ್ಟು ಭಾಗ ಕತ್ತರಿಸಿ ತೆಗೆಯಲೇಬೇಕು ಅಂದರು ಡಾಕ್ಟರು. ಈಗ ಮೈ ಚೆನ್ನಾಗಿದೆ, ಕರುಳೂ ಶಾಂತವಾಗಿದೆ, ನೇರವಾಗಿ ಜೋಡಿಸಲು ನೋಡಬಹುದು, ಆದರೆ ಒಳಗೆ ನೋಡದೆ ಚೀಲ ಇಲ್ಲ ಅಂತ ಮಾತು ಕೊಡಲಾಗದು ಅಂತಲೂ ಸೇರಿಸಿದರು.

ಅವನು ಡಾಕ್ಟರ ಮುಂದೆ ತಲೆಯಾಡಿಸಿ ಎದ್ದು ಬಂದ. ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದ.

"ಹಂಗಾರೆ ಇಷ್ಟ್ ದಿನ ತಿಂದಿದ್ದು ದಂಡವಾ ಮೇಡಂ?"

ಅಲ್ಲ ಅನ್ನಬೇಕು ಅನ್ನಿಸಿತು. ಆದರೆ ಒಳಗಿನ ಬೆಂಕಿ ತಣಿದದ್ದು ಕೋಸಿನಿಂದಲೋ ಏರಿಸಿದ ಔಷಧಿಯಿಂದಲೋ ನನಗೆ ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಎರಡೂ ಸೇರಿ ಇರಬೇಕು ಅಂತ ನನ್ನ ನಂಬಿಕೆ, ನಂಬಿಕೆಯನ್ನು ರೋಗಿಗೆ ಸತ್ಯ ಅಂತ ಕೊಡಬಾರದು. ಗೊತ್ತಿಲ್ಲ ಕಣಪ್ಪ, ಆದರೆ ಅವತ್ತು ಕತ್ತರಿಸಿದ್ದರೆ ಚೀಲ ಖಂಡಿತ ಇತ್ತು, ಈಗ ಖಂಡಿತ ಅಂತಿಲ್ಲ ಅಂದೆ. ಅವನು ಸ್ಕ್ಯಾನಿನ ಕವರ್ ಕಂಕುಳಿಗೆ ಸೇರಿಸಿಕೊಂಡು ಮೆಟ್ಟಿಲಿನ ಕಡೆ ನಡೆದ. ಬಹಳ ಸಂಕಟವಾಯಿತು ನನಗೆ.

ಆಪರೇಷನ್ನಿನ ಹಿಂದಿನ ಸಂಜೆ ಸರ್ಜನ್ ವಾರ್ಡಿಗೆ ಬಂದು ಅವನನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿದರು. ಹೊಕ್ಕುಳಿನ ಬಲಕ್ಕೆ ಸ್ವಲ್ಪ ಕೆಳಗೆ ನೇರಳೆ ಶಾಯಿಯ ಪೆನ್ನಿನಲ್ಲಿ ಒಂದು ಸುತ್ತು ಗುರುತು ಹಾಕಿದರು. ಚೀಲ ಬೇಕಾದರೆ ಎಲ್ಲಿ ಅಂತ ಮೊದಲೇ ಗೊತ್ತು ಮಾಡಿಕೊಳ್ಳುವ ಕ್ರಮ ಅದು, ಮಡಿಕೆ ಬೀಳದ ಜಾಗ ಹುಡುಕಬೇಕು. ಅವರು ಹೋದ ಮೇಲೆ ಅವನು ಅಂಗಿ ಇಳಿಸದೆ ಆ ಗುರುತನ್ನೇ ನೋಡುತ್ತ ಕೂತ. ತಾಯಿ ನೋಡಲಾರದೆ ಕಿಟಕಿ ಕಡೆ ತಿರುಗಿಕೊಂಡರು.

ಮಾರನೇ ದಿನ ನಾನು ನನ್ನ ರೂಮಿನಲ್ಲಿ ಬೇರೆ ರೋಗಿಗಳಿಗೆ ಏನು ಹೇಳಿದೆನೋ ನೆನಪಿಲ್ಲ. ಮಧ್ಯದಲ್ಲಿ ಎದ್ದೆದ್ದು ಥಿಯೇಟರ್ ಮುಂದೆ ಹೋಗಿ ಬರುತ್ತಿದ್ದೆ. ತಾಯಿ ಬೆಂಚಿದ್ದರೂ ನೆಲದ ಮೇಲೆ ಕೂತಿದ್ದರು. ಸರ್ಜನ್ ಹೊರಗೆ ಬಂದು ನನಗೆ ಇಂಗ್ಲಿಷಿನಲ್ಲಿ ವಿವರಿಸತೊಡಗಿದರು: ತೆಗೆದದ್ದು ಚಿಕ್ಕ ತುಂಡು, ಅಕ್ಕಪಕ್ಕದ ಕರುಳು ಆರೋಗ್ಯವಾಗಿತ್ತು, ನೇರವಾಗಿ ಜೋಡಿಸಿದ್ದೇವೆ. ತಾಯಿಗೆ ಅದ್ಯಾವುದೂ ಬೇಕಾಗಿರಲಿಲ್ಲ. ನನ್ನ ಸೀರೆಯ ನೆರಿಗೆ ಹಿಡಿದು ಎಳೆದು ಒಂದೇ ಮಾತು ಕೇಳಿದರು, ಚೀಲ ಐತಾ ಅಂತ. ಇಲ್ಲ ಅಂದೆ. ಇನ್ನೊಂದು ಸಲ ಕೇಳಿದರು. ಇನ್ನೊಂದು ಸಲ ಹೇಳಿದೆ.

ಹೊಲಿಗೆ ಹಿಡಿಯುತ್ತದೋ ಇಲ್ಲವೋ ತಿಳಿಯಲು ಇನ್ನೂ ಕೆಲವು ದಿನ ಬೇಕಿತ್ತು, ಕ್ರೋನ್ಸ್ ಮತ್ತೆ ಇನ್ನೊಂದು ಕಡೆ ಹುಟ್ಟಿಕೊಳ್ಳಬಹುದು ಅನ್ನುವುದೂ ನಿಜ. ಅದನ್ನೆಲ್ಲ ಆಗ ಹೇಳಲಿಲ್ಲ. ವಾರ್ಡಿಗೆ ತಂದಾಗ ಅವನಿಗೆ ಅರೆ ಎಚ್ಚರ. ಕಣ್ಣು ಬಿಡುವ ಮೊದಲೇ ಬಲಗೈ ಹೊದಿಕೆಯೊಳಗೆ ಹೋಗಿ ಹೊಟ್ಟೆಯ ಮೇಲೆ ತಡಕಾಡಿತು. ಮಧ್ಯದ ಪಟ್ಟಿ ಮುಟ್ಟಿತು, ಅಲ್ಲಿಂದ ಬಲಕ್ಕೆ ಸರಿಯಿತು, ಅಲ್ಲೇ ನಿಂತಿತು. ಅಲ್ಲಿ ಬರೀ ಚರ್ಮ ಇತ್ತು.

"ಇಲ್ವಲ್ಲ ಮೇಡಂ" ಅಂದ.

"ಇಲ್ಲ ಕಣಪ್ಪ."

ತಾಯಿ ಹೊದಿಕೆ ಸರಿಸಿ ನೋಡಿದರು. ಗಾಯದ ಪಟ್ಟಿಯಿಂದ ದೂರ ಆ ನೇರಳೆ ಸುತ್ತು ಹಾಗೇ ಇತ್ತು. ನೀರಿನ ಬಾಟಲಿಯಿಂದ ಸೆರಗಿನ ತುದಿ ಒದ್ದೆ ಮಾಡಿಕೊಂಡು ಅದನ್ನು ಒರೆಸತೊಡಗಿದರು. ನರ್ಸ್ ಮುಟ್ಟಬೇಡಿ ಅಂತ ಗದರಿಸುತ್ತ ಬಂದಳು, ನಾನು ಅವಳಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿದೆ. ಆ ಶಾಯಿ ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ. "ಹೋಯ್ತದೆ ಬುಡು, ಹೋಯ್ತದೆ" ಅಂತ ಯಾರಿಗೋ ಹೇಳುತ್ತ ಅವರು ಸೆರಗನ್ನು ಮತ್ತೆ ಒದ್ದೆ ಮಾಡಿಕೊಂಡು ಒರೆಸುತ್ತಲೇ ಇದ್ದರು.